ಪುಸ್ತಕ, ಮನೆ, ಮನಸ್ಸು: ಮನೋವಿಶ್ಲೇಷಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಕಥೆ ಕಾದಂಬರಿ ಓದುವ ಚಟ ಇದೆ, ಅದರ ಬಾಲ ಹಿಡಿದು ಫ್ರಾಯ್ಡ್ ಮತ್ತು ಅವರ ನಂತರದವರನ್ನು ಓದುವ ಚಟವೂ ಅಂಟಿಕೊಂಡಿದೆ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಮನೋವಿಶ್ಲೇಷಣೆ ಅಂದರೆ ಏನು? ಸುಲಭವಾಗಿ ಹೇಳಿ.

ಹೋಗಲು ಮನಸ್ಸಿಲ್ಲದ ಕಡೆ ಹೊರಟಾಗಲೇ ಬೀಗದ ಕೈ ಕಾಣೆಯಾಗುತ್ತದೆ. ಎತ್ತಲೇಬಾರದು ಅಂದುಕೊಂಡ ಹೆಸರೇ ಬಾಯಿ ತಪ್ಪಿ ಬರುತ್ತದೆ. ಇಂಥವೆಲ್ಲ ಬರೀ ಆಕಸ್ಮಿಕ ಅಲ್ಲ, ನಮಗೇ ಗೊತ್ತಿಲ್ಲದ ಒಂದು ಮನಸ್ಸು ಒಳಗೆ ಕೆಲಸ ಮಾಡುತ್ತಿರುತ್ತದೆ ಅನ್ನುವುದು ಇದರ ಮೂಲ ಮಾತು. ಅದಕ್ಕೆ ಸುಪ್ತ ಮನಸ್ಸು ಅನ್ನುತ್ತಾರೆ. ವಿಯೆನ್ನಾದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ (1856–1939) ಇದನ್ನು ಒಂದು ಚಿಕಿತ್ಸೆಯಾಗಿಯೂ ಒಂದು ಸಿದ್ಧಾಂತವಾಗಿಯೂ ಬೆಳೆಸಿದರು. ಕನಸುಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಅಂಗಡಿಗೆ ಬಂದದ್ದು 1899ರ ನವೆಂಬರಿನಲ್ಲಿ, ಆದರೆ ಅದರ ಮೇಲೆ ಅಚ್ಚಾಗಿದ್ದ ವರ್ಷ 1900.

ರೋಗಿ ಮಾತಾಡುತ್ತಾ ಹೋಗುವ ಈ ಚಿಕಿತ್ಸೆಗೆ 'ಮಾತಿನ ಚಿಕಿತ್ಸೆ' ಅನ್ನುವ ಹೆಸರು ಮಾತ್ರ ಡಾಕ್ಟರುಗಳು ಇಟ್ಟದ್ದಲ್ಲ. ಫ್ರಾಯ್ಡ್ ಅವರ ಹಿರಿಯ ಗೆಳೆಯ ಯೋಸೆಫ್ ಬ್ರಾಯರ್ ಬಳಿ ಬರುತ್ತಿದ್ದ ಒಬ್ಬ ಯುವತಿ ಇಟ್ಟದ್ದು. ತಮಾಷೆಗೆ ಅದನ್ನೇ 'ಚಿಮಣಿ ಗುಡಿಸೋದು' ಅಂತಲೂ ಕರೆಯುತ್ತಿದ್ದಳಂತೆ. ನನಗೆ ಎರಡನೇ ಹೆಸರೇ ಜಾಸ್ತಿ ಇಷ್ಟ.

ಇದಕ್ಕೂ ಪುಸ್ತಕಕ್ಕೂ ಎಲ್ಲಿಯ ಸಂಬಂಧ?

ಮೊದಲಿನಿಂದಲೂ ಇದೆ. ಫ್ರಾಯ್ಡ್ ತಮ್ಮ ಅತಿ ಹೆಸರಾದ ವಿಚಾರಕ್ಕೆ ಹೆಸರು ತಂದದ್ದೇ ಒಂದು ಗ್ರೀಕ್ ನಾಟಕದಿಂದ. 1897ರ ಅಕ್ಟೋಬರಿನಲ್ಲಿ ಗೆಳೆಯ ಫ್ಲೀಸ್‌ಗೆ ಬರೆದ ಒಂದೇ ಪತ್ರದಲ್ಲಿ, ಗೊತ್ತಿಲ್ಲದೆ ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾದ ರಾಜ ಈಡಿಪಸ್ ಬರುತ್ತಾನೆ, ಅವನ ಹಿಂದೆಯೇ ಹ್ಯಾಮ್ಲೆಟ್ ಬರುತ್ತಾನೆ. ತಾವು ಬರೆಯುವ ರೋಗಿಗಳ ವಿವರ ಸಣ್ಣಕಥೆಗಳ ಹಾಗೆ ಓದಿಸಿಕೊಳ್ಳುತ್ತದಲ್ಲ ಎಂದು 1895ರಲ್ಲೇ ಅವರು ಮುಜುಗರಪಟ್ಟುಕೊಂಡಿದ್ದರು. 1930ರಲ್ಲಿ ಅವರಿಗೆ ಬಂದದ್ದು ಜರ್ಮನ್ ಕವಿ ಗಯಟೆಯ ಹೆಸರಿನ ಪ್ರಶಸ್ತಿ. ಮೆಡಿಕಲ್ ಪ್ರಶಸ್ತಿಯಲ್ಲ!

1907ರ ಒಂದು ಉಪನ್ಯಾಸದಲ್ಲಿ ಅವರು ಬರಹಗಾರನನ್ನು ಆಟವಾಡುವ ಮಗುವಿನ ಪಕ್ಕದಲ್ಲಿ ಕೂರಿಸಿದರು. ಮಗು ಎಲ್ಲರ ಎದುರಿಗೇ ಆಡುತ್ತದೆ. ದೊಡ್ಡವರು ಆಟ ಬಿಟ್ಟು ಹಗಲುಗನಸು ಕಾಣುತ್ತಾರೆ, ಆದರೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಬರಹಗಾರ ತನ್ನ ಹಗಲುಗನಸಿಗೆ ಚೆಂದದ ಬಟ್ಟೆ ತೊಡಿಸಿ ಹೊರಗೆ ತರುತ್ತಾನೆ. ಅದನ್ನು ನೋಡಿ ನಾವೂ ನಮ್ಮ ಕನಸನ್ನು ನಾಚಿಕೆಯಿಲ್ಲದೆ ಕಾಣುತ್ತೇವೆ.

ಹಾಗಾದರೆ ಕಾದಂಬರಿ ಓದಿ ಲೇಖಕರಿಗೆ ಏನು ಕಾಯಿಲೆ ಇತ್ತು ಅಂತ ಕಂಡುಹಿಡಿಯಬಹುದಾ?

ಬೇಡ. ದಯವಿಟ್ಟು ಬೇಡ. ಹಾಗೆ ಮಾಡಲು ಹೋಗಿ ಫ್ರಾಯ್ಡ್ ಅವರೇ ಎಡವಿದ ಕಥೆ ಹೇಳುತ್ತೇನೆ.

ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಯಲ್ಲಿ ಒಂದು ಬಾಲ್ಯದ ನೆನಪು ಬರೆದಿದ್ದ. ತೊಟ್ಟಿಲಲ್ಲಿ ಮಲಗಿದ್ದಾಗ ಒಂದು ಹಕ್ಕಿ ಇಳಿದು ಬಂತು, ಬಾಲದಿಂದ ಬಾಯಿ ತೆರೆಸಿ ತುಟಿಗೆ ಬಡಿಯಿತು ಅಂತ. ಫ್ರಾಯ್ಡ್ ಓದಿದ ಜರ್ಮನ್ ಅನುವಾದದಲ್ಲಿ ಆ ಹಕ್ಕಿ ರಣಹದ್ದು. ಸರಿ, 1910ರಲ್ಲಿ ಅವರೊಂದು ಪುಸ್ತಕವನ್ನೇ ಬರೆದರು. ಹಳೆಯ ಈಜಿಪ್ಟಿನಲ್ಲಿ ರಣಹದ್ದಿನ ತಲೆಯ ತಾಯಿದೇವತೆ ಇದ್ದಳು, ರಣಹದ್ದುಗಳಲ್ಲಿ ಗಂಡೇ ಇಲ್ಲ ಎಂದು ಹಿಂದಿನವರು ನಂಬಿದ್ದರು, ಲಿಯೊನಾರ್ಡೊ ಮದುವೆಯಾಗದ ತಾಯಿಯ ಮಗ, ಹಾಗಾಗಿ ಈ ಹಕ್ಕಿ ಅಪ್ಪನಿಲ್ಲದ ಮಗುವಿನ ಅಮ್ಮ. ಓದಲು ಪತ್ತೇದಾರಿ ಕಥೆಯಷ್ಟೇ ಚೆನ್ನಾಗಿದೆ. ತೊಂದರೆ ಒಂದೇ. ಇಟಾಲಿಯನ್ ಮೂಲದಲ್ಲಿ ಇದ್ದದ್ದು ರಣಹದ್ದಲ್ಲ, ಬರೀ ಹದ್ದು. ಒಂದು ಪದದ ಅನುವಾದ ತಪ್ಪಿತು, ಈಜಿಪ್ಟಿನವರೆಗೆ ಕಟ್ಟಿದ ಸೇತುವೆಯ ಒಂದು ಕಂಬವೇ ಹೋಯಿತು.

ಇದರಿಂದ ಅವರು ಹೇಳಿದ್ದೆಲ್ಲ ಸುಳ್ಳು ಅಂತಾಗುವುದಿಲ್ಲ. ಆದರೆ ಎದುರಿಗೆ ಕೂತು "ಹಾಗಲ್ಲ ಸ್ವಾಮಿ" ಎನ್ನಲಾಗದವರ ಮನಸ್ಸನ್ನು ಓದುವುದು ಎಷ್ಟು ಸುಲಭ, ಎಷ್ಟು ಅಪಾಯ ಅಂತ ಗೊತ್ತಾಗುತ್ತದೆ. ರೋಗಿಯಾದರೆ ಎದ್ದು ಜಗಳವಾಡಬಹುದು. ಸತ್ತ ಲೇಖಕ ಆಡಲಾರ.

ಮತ್ತೆ ಯಾರ ಮನಸ್ಸನ್ನು ನೋಡಬೇಕು?

ನಿಮ್ಮದನ್ನು. ನನ್ನ ಮಟ್ಟಿಗೆ ಈ ಓದಿನಲ್ಲಿ ನಿಜವಾಗಿ ಕೈಗೆ ಸಿಗುವುದು ಇದೊಂದೇ.

ನಾರ್ಮನ್ ಹಾಲೆಂಡ್ ಎಂಬ ಅಮೆರಿಕದ ವಿಮರ್ಶಕರು ಐದು ಜನ ವಿದ್ಯಾರ್ಥಿಗಳಿಗೆ ಒಂದೇ ಕಥೆಗಳನ್ನು ಓದಿಸಿ, ಒಬ್ಬೊಬ್ಬರ ಜೊತೆ ಕೂತು ಮಾತಾಡಿ, 1975ರಲ್ಲಿ ಪುಸ್ತಕ ಬರೆದರು. ಐದು ಜನ ಐದು ಬೇರೆ ಕಥೆ ಓದಿದ ಹಾಗಿತ್ತು. ಪ್ರತಿಯೊಬ್ಬರೂ ತಮ್ಮ ಹಳೆಯ ಭಯ, ಹಳೆಯ ಆಸೆಗಳಿಗೆ ತಕ್ಕಂತೆ ಕಥೆಯನ್ನು ಬಗ್ಗಿಸಿಕೊಂಡಿದ್ದರು.

ನೀವೂ ಮಾಡಿ ನೋಡಬಹುದು. ಓದುವಾಗ ಅಳತೆ ಮೀರಿದ ಭಾವನೆ ಎಲ್ಲಿ ಬಂತು ಅಂತ ಗುರುತು ಹಾಕಿ. ಸಣ್ಣ ಪಾತ್ರವೊಂದರ ಮೇಲೆ ವಿಪರೀತ ಸಿಟ್ಟು. ಯಾರೂ ಅಳದ ಜಾಗದಲ್ಲಿ ಅಳು. ನಾಲ್ಕು ಪುಟ ಓದಿದರೂ ತಲೆಗೆ ಹೋಗದ ಒಂದು ಅಧ್ಯಾಯ. ಒಂದು ಸಲ ಕಾದಂಬರಿಯೊಂದರಲ್ಲಿ, ಊಟದ ಹೊತ್ತಿಗೆ ಏನೂ ಮಾತಾಡದೆ ಪೇಪರ್ ಓದುವ ಒಬ್ಬ ಅಪ್ಪನನ್ನು ನಾನು ಮನಸಾರೆ ಬೈದುಕೊಂಡೆ. ಗೆಳತಿಗೆ ಹೇಳಿದರೆ, "ಅವನು ಬರೋದೇ ಎರಡು ಪುಟ, ಏನು ಮಾಡಿದ ಅಂತ ಬೈತೀಯ?" ಅಂದಳು. ಏನೂ ಮಾಡಿರಲಿಲ್ಲ. ಅದೇ ನನ್ನ ಸಿಟ್ಟು ಅಂತ ಹೊಳೆಯಲು ಒಂದು ವಾರ ಹಿಡಿಯಿತು.

ಹಳೆಯ ಸಂಬಂಧದ ಭಾವನೆಯನ್ನು ಹೊಸಬರ ಮೇಲೆ ಹೊರಿಸುವುದಕ್ಕೆ ಇವರ ಭಾಷೆಯಲ್ಲಿ ಟ್ರಾನ್ಸ್‌ಫರೆನ್ಸ್ ಅನ್ನುತ್ತಾರೆ. ಚಿಕಿತ್ಸೆಯಲ್ಲಿ ಅದು ಡಾಕ್ಟರ ಮೇಲೆ ಬೀಳುತ್ತದೆ. ಓದುವಾಗ ಪಾಪ, ಪಾತ್ರಗಳ ಮೇಲೆ.

ಈಡಿಪಸ್ ಕಾಂಪ್ಲೆಕ್ಸ್ ನಿಜವಾ? ಪ್ರತಿ ಗಂಡುಮಗುವೂ ಅಪ್ಪನನ್ನು ಕೊಲ್ಲಬೇಕು ಅಂದುಕೊಳ್ಳುತ್ತದಾ?

ಅಕ್ಷರಶಃ ತೆಗೆದುಕೊಂಡರೆ ನಗು ಬರುತ್ತದೆ. ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಿ. ಮೂರು ನಾಲ್ಕು ವರ್ಷದ ಮಗುವಿಗೆ ಒಂದು ದಿನ ಗೊತ್ತಾಗುತ್ತದೆ: ನನ್ನ ಪ್ರಪಂಚವೇ ಆಗಿರುವ ಈ ವ್ಯಕ್ತಿಗೆ ನಾನೊಬ್ಬನೇ ಪ್ರಪಂಚವಲ್ಲ. ಅವರಿಬ್ಬರ ನಡುವೆ ನನಗೆ ಜಾಗವಿಲ್ಲದ ಏನೋ ಇದೆ. ಆ ಮೂರನೆಯವನಾಗುವ ನೋವನ್ನು ಬಹಳ ಜನ ಒಪ್ಪುತ್ತಾರೆ. ಅದರ ಮೇಲೆ ಫ್ರಾಯ್ಡ್ ಕಟ್ಟಿದ ಉಳಿದದ್ದನ್ನು ಎಲ್ಲರೂ ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಬಗ್ಗೆ ಅವರು ಹೇಳಿದ್ದನ್ನು 1920ರ ದಶಕದಲ್ಲೇ ಮನೋವಿಶ್ಲೇಷಕಿ ಕರೆನ್ ಹಾರ್ನೈ ಪ್ರಶ್ನಿಸಿದರು. ಇದು ಗಂಡಸರು ಹೆಂಗಸರನ್ನು ಹೇಗೆ ಕಾಣುತ್ತಾರೆ ಅನ್ನುವುದರ ಚಿತ್ರ, ಹೆಂಗಸರ ಚಿತ್ರವಲ್ಲ ಎಂಬುದು ಅವರ ವಾದದ ಸಾರ.

ಇನ್ನೊಂದು ವಿಚಾರ. ನಾಟಕದ ಹಿಂದಿರುವ ಕಥೆಯಲ್ಲಿ ಮೊದಲು ಕೈ ಎತ್ತಿದವನು ಅಪ್ಪ. ಹಸುಗೂಸಿನ ಹಿಮ್ಮಡಿ ಚುಚ್ಚಿ ಬೆಟ್ಟದಲ್ಲಿ ಎಸೆಯಲು ಕಳಿಸಿದವನು ಲೇಯಸ್. ಸಿದ್ಧಾಂತ ಕಟ್ಟುವಾಗ ಇದು ಬದಿಗೆ ಸರಿಯಿತು. ನಮ್ಮ ಎ.ಕೆ. ರಾಮಾನುಜನ್ ಭಾರತದ ಕಥೆಗಳನ್ನು ಜಾಲಾಡಿ ಇದೇ ಎಳೆಯನ್ನು ಹಿಡಿದರು. ಇಲ್ಲಿ ಮಗ ಅಪ್ಪನನ್ನು ಮುಗಿಸುವ ಕಥೆಗಿಂತ, ಅಪ್ಪನಿಗಾಗಿ ಮಗ ತನ್ನನ್ನೇ ಕೊಟ್ಟುಕೊಳ್ಳುವ ಕಥೆ ಜಾಸ್ತಿ. ಯಯಾತಿಗೆ ಪೂರು ತನ್ನ ಯೌವನ ಕೊಡುತ್ತಾನೆ. ಶಂತನುವಿನ ಮದುವೆಗಾಗಿ ಭೀಷ್ಮ ತನ್ನ ಮದುವೆಯನ್ನೇ ಬಿಡುತ್ತಾನೆ. ಅದಕ್ಕೂ ಬಹಳ ಮುಂಚೆ, 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಕೂಡ ಈ ವಿಷಯದಲ್ಲಿ ಪತ್ರ ಬರೆದು ಫ್ರಾಯ್ಡ್ ಜೊತೆ ವಾದ ಮಾಡಿದ್ದರು. ಗುರು ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಪದ್ಧತಿ ಇದರಲ್ಲಿ ಇಲ್ಲ ಅನ್ನುವುದೇ ನನಗೆ ಖುಷಿ.

ಮಕ್ಕಳ ಕಥೆಗಳಲ್ಲಿ ಮಲತಾಯಿ ಯಾಕೆ ಯಾವಾಗಲೂ ಕೆಟ್ಟವಳು?

ಅವಳು ಯಾವಾಗಲೂ ಮಲತಾಯಿ ಆಗಿರಲಿಲ್ಲ. ಗ್ರಿಮ್ ಸೋದರರು 1812ರಲ್ಲಿ ಮೊದಲು ಅಚ್ಚು ಹಾಕಿದಾಗ, ಸ್ನೋ ವೈಟ್‌ಳನ್ನು ಕೊಲ್ಲಿಸಲು ನೋಡಿದ ರಾಣಿ ಹೆತ್ತ ತಾಯಿಯೇ. 1819ರ ಮುದ್ರಣಕ್ಕೆ ಅವಳನ್ನು ಮಲತಾಯಿ ಮಾಡಿದರು. ಹೆತ್ತವಳು ಹೀಗೆ ಮಾಡುತ್ತಾಳೆ ಅನ್ನುವುದು ಮಕ್ಕಳ ಪುಸ್ತಕದಲ್ಲಿ ಸಹಿಸಲು ಕಷ್ಟ ಅಲ್ವಾ.

ಮಕ್ಕಳ ಮನೋವಿಶ್ಲೇಷಕಿ ಮೆಲನೀ ಕ್ಲೈನ್ (1882–1960) ಹೇಳುವ ಮಾತು ಇಲ್ಲಿ ಕೂತುಕೊಳ್ಳುತ್ತದೆ. ಹಸುಗೂಸಿಗೆ ಹಸಿವು ತೀರಿಸಿದ ಅಮ್ಮ ಬೇರೆ, ಕರೆದಾಗ ಬಾರದ ಅಮ್ಮ ಬೇರೆ. ಒಬ್ಬಳು ಪೂರಾ ಒಳ್ಳೆಯವಳು, ಒಬ್ಬಳು ಪೂರಾ ಕೆಟ್ಟವಳು. ಇಬ್ಬರೂ ಒಬ್ಬಳೇ ಅಂತ ಅರ್ಥವಾದ ದಿನ ಮಗುವಿಗೆ ಹೊಸ ಸಂಕಟ ಶುರುವಾಗುತ್ತದೆ: ನಾನು ಸಿಟ್ಟಾದದ್ದು ನಾನು ಪ್ರೀತಿಸುವವಳ ಮೇಲೇ. ಆ ಸಂಕಟದಿಂದಲೇ ಇನ್ನೊಬ್ಬರ ಬಗ್ಗೆ ಕಾಳಜಿ ಹುಟ್ಟುತ್ತದೆ ಅಂತ ಕ್ಲೈನ್. ಕಥೆ ಮಗುವಿಗೆ ಸ್ವಲ್ಪ ರಜೆ ಕೊಡುತ್ತದೆ. ಒಳ್ಳೆಯ ಅಮ್ಮನನ್ನು ಮೊದಲ ಪುಟದಲ್ಲೇ ಸಾಯಿಸಿ ಜೋಪಾನವಾಗಿ ಎತ್ತಿಡುತ್ತದೆ, ಸಿಟ್ಟನ್ನೆಲ್ಲ ಮಲತಾಯಿಯ ಮೇಲೆ ಸುರಿಯಲು ಬಿಡುತ್ತದೆ. ನಿಜವಾದ ಮಲತಾಯಂದಿರಿಗೆ ಇದು ಅನ್ಯಾಯ, ಒಪ್ಪುತ್ತೇನೆ.

ಚಿಕ್ಕವನಿದ್ದಾಗ 'ನಾನು ಇವರ ಮಗನೇ ಅಲ್ಲ' ಅಂದುಕೊಳ್ಳುತ್ತಿದ್ದೆ. ಇದು ವಿಚಿತ್ರವಾ?

ಇದು ಎಷ್ಟು ಸಾಮಾನ್ಯ ಅಂದರೆ ಫ್ರಾಯ್ಡ್ ಇದಕ್ಕೊಂದು ಹೆಸರನ್ನೇ ಇಟ್ಟರು. ಕುಟುಂಬದ ರಮ್ಯಕಥೆ ಅನ್ನಬಹುದು. ನನ್ನ ನಿಜವಾದ ಅಪ್ಪ ಅಮ್ಮ ಬೇರೆ ಎಲ್ಲೋ ಇದ್ದಾರೆ, ಇವರಿಗಿಂತ ದೊಡ್ಡವರು, ಒಂದು ದಿನ ಬಂದು ಕರೆದುಕೊಂಡು ಹೋಗುತ್ತಾರೆ. ಈ ಬಗ್ಗೆ ಫ್ರಾಯ್ಡ್ ಬರೆದದ್ದು 1909ರಲ್ಲಿ ಅವರ ಶಿಷ್ಯ ಒಟ್ಟೊ ರ‍್ಯಾಂಕ್ ಅವರ ಪುಸ್ತಕದ ಒಳಗೆ ಮೊದಲು ಅಚ್ಚಾಯಿತು. ನದಿಯಲ್ಲಿ ತೇಲಿ ಬಿಟ್ಟ, ಬೇರೆಯವರ ಮನೆಯಲ್ಲಿ ಬೆಳೆದ ವೀರರನ್ನೆಲ್ಲ ರ‍್ಯಾಂಕ್ ಅದರಲ್ಲಿ ಒಟ್ಟು ಮಾಡಿದ್ದರು. ಮೋಸೆಸ್ ಇದ್ದಾನೆ, ಮೆಸೊಪೊಟೇಮಿಯದ ಹಳೆಯ ರಾಜ ಸರ್ಗಾನ್ ಇದ್ದಾನೆ. ನಮ್ಮ ಕರ್ಣನೂ ಇದ್ದಾನೆ.

ಇದರಲ್ಲಿ ಒಂದು ಚೆಂದದ ತಿರುವು ಇದೆ. ಮಗು ಕಲ್ಪಿಸಿಕೊಳ್ಳುವ ಆ ದೊಡ್ಡ ಅಪ್ಪನ ಗುಣಗಳೆಲ್ಲ ಮನೆಯಲ್ಲಿರುವ ಅಪ್ಪನವೇ ಅನ್ನುತ್ತಾರೆ ಫ್ರಾಯ್ಡ್. ತೀರಾ ಚಿಕ್ಕಂದಿನಲ್ಲಿ ಮಗುವಿಗೆ ಅಪ್ಪ ಹಾಗೇ ಕಂಡಿದ್ದ. ಮಗು ಅಪ್ಪನನ್ನು ಬಿಟ್ಟು ಓಡುತ್ತಿಲ್ಲ, ಹಳೆಯ ಅಪ್ಪನನ್ನು ಹುಡುಕುತ್ತಿದೆ. ಅನಾಥ ಹುಡುಗ ನಾಯಕನಾದ ಕಾದಂಬರಿ ಯಾಕೆ ಅಷ್ಟೊಂದು ಇವೆ, ಅಪ್ಪ ಅಮ್ಮನ ಜೊತೆ ಹಾಯಾಗಿರುವ ಮಕ್ಕಳೂ ಯಾಕೆ ಅವನ್ನು ಮುಗಿಬಿದ್ದು ಓದುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಓದಿಲ್ಲ.

ನನ್ನ ಮಗುವಿನ ಮೇಲೆ ಒಮ್ಮೊಮ್ಮೆ ತಡೆಯಲಾರದ ಸಿಟ್ಟು ಬರುತ್ತದೆ. ನಾನು ಕೆಟ್ಟ ತಾಯಿಯೇ?

ಡಿ.ಡಬ್ಲ್ಯು. ವಿನಿಕಾಟ್ (1896–1971) ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. 1940ರ ದಶಕದ ಒಂದು ಬರಹದಲ್ಲಿ ಅವರು ತಾಯಿ ತನ್ನ ಕೂಸನ್ನು ದ್ವೇಷಿಸಲು ಇರುವ ಕಾರಣಗಳನ್ನು ಸಾಲಾಗಿ ಪಟ್ಟಿ ಮಾಡಿದರು. ಹದಿನೆಂಟು ಕಾರಣ! ಮೊಲೆ ಕಚ್ಚುತ್ತದೆ, ಆಳಿನ ಹಾಗೆ ನಡೆಸಿಕೊಳ್ಳುತ್ತದೆ, ಬೆಳಗ್ಗೆಯೆಲ್ಲ ಗೋಳು ಹೊಯ್ದು ಹೊರಗೆ ಹೋದರೆ ಅಪರಿಚಿತರಿಗೆ ಮುದ್ದಾಗಿ ನಗುತ್ತದೆ. ತಾಯಂದಿರನ್ನು ಬೈಯಲು ಬರೆದದ್ದಲ್ಲ ಇದು. ಇಷ್ಟೆಲ್ಲ ಅನ್ನಿಸಿಯೂ ಅದನ್ನು ಮಗುವಿನ ಮೇಲೆ ತೀರಿಸಿಕೊಳ್ಳದೆ ತಡೆದುಕೊಳ್ಳುತ್ತಾಳಲ್ಲ, ಅದೇ ಅವಳ ದೊಡ್ಡ ಶಕ್ತಿ ಅಂತ ಅವರು ಬೆರಗಾಗಿದ್ದರು.

ಅವರದೇ ಇನ್ನೊಂದು ಮಾತು 'ಸಾಕಷ್ಟು ಒಳ್ಳೆಯ ತಾಯಿ'. ನೂರಕ್ಕೆ ನೂರು ಅಲ್ಲ, ಸಾಕಾಗುವಷ್ಟು. ಮೊದಮೊದಲು ಕರೆದ ತಕ್ಷಣ ಬರುತ್ತಾಳೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಡ ಮಾಡುತ್ತಾಳೆ. ಆ ತಡ ಮಗುವಿಗೆ ಬೇಕು. ಎಂದೂ ತಪ್ಪದ ತಾಯಿಯ ಮಗುವಿಗೆ ಹೊರಗಿನ ಪ್ರಪಂಚ ಇದೆ ಅಂತಲೇ ಗೊತ್ತಾಗುವುದಿಲ್ಲ.

ಸಿಟ್ಟು ಕೈಗೆ ಇಳಿಯುತ್ತಿದ್ದರೆ, ಇಲ್ಲವೇ ಹೆರಿಗೆಯ ನಂತರ ದಿನಗಟ್ಟಲೆ ಕತ್ತಲು ಕವಿದ ಹಾಗಿದ್ದರೆ ಮಾತ್ರ ಪುಸ್ತಕ ಸಾಲದು. ಡಾಕ್ಟರ ಹತ್ತಿರ ಹೋಗಿ.

ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಜಗಳದ ಬಗ್ಗೆ ಇವರು ಏನು ಹೇಳುತ್ತಾರೆ?

ಬಹಳ ಕಾಲ ಕಮ್ಮಿಯೇ ಹೇಳಿದರು, ಎಲ್ಲರ ಕಣ್ಣೂ ಅಪ್ಪ ಅಮ್ಮನ ಮೇಲೆ. ಆದರೆ ಫ್ರಾಯ್ಡ್ ತಮ್ಮ ಬಗ್ಗೆಯೇ ಒಂದು ಕಡೆ ಬರೆದುಕೊಂಡಿದ್ದಾರೆ. ತಮ್ಮ ಹುಟ್ಟಿದಾಗ ಹೊಟ್ಟೆಕಿಚ್ಚಾಗಿತ್ತು. ಆ ಕೂಸು ಕೆಲವೇ ತಿಂಗಳಲ್ಲಿ ತೀರಿಕೊಂಡಿತು. ತಾನು ಬಯಸಿದ್ದೇ ಆಯಿತೇನೋ ಎಂಬ ಅಪರಾಧಭಾವ ಒಳಗೆ ಉಳಿಯಿತು. ಆಗ ಅವರಿಗೆ ಎರಡು ವರ್ಷವೂ ತುಂಬಿರಲಿಲ್ಲ. ದೊಡ್ಡವರು ಹೀಗೆ, ಕೊನೆಯವರು ಹಾಗೆ ಎಂಬ ಹುಟ್ಟಿದ ಕ್ರಮದ ಭವಿಷ್ಯವನ್ನು ಮಾತ್ರ ನಂಬಬೇಡಿ. ದೊಡ್ಡ ಅಧ್ಯಯನಗಳಲ್ಲಿ ಅದರ ಪ್ರಭಾವ ತೀರಾ ಕಮ್ಮಿ ಎಂದೇ ಕಂಡಿದೆ.

ಅಳಿಸುವ ಪುಸ್ತಕವನ್ನೇ ಮತ್ತೆ ಮತ್ತೆ ಯಾಕೆ ಓದುತ್ತೇನೆ?

ಒಂದೂವರೆ ವರ್ಷದ ಒಂದು ಹುಡುಗ. ಅಮ್ಮ ಹೊರಗೆ ಹೋದರೆ ಅಳುವುದಿಲ್ಲ, ಒಳ್ಳೆಯ ಹುಡುಗ. ಆದರೆ ಅವನದೊಂದು ಆಟ ಇತ್ತು. ದಾರ ಕಟ್ಟಿದ ಮರದ ಉರುಳೆಯನ್ನು ಪರದೆ ಇಳಿಬಿಟ್ಟ ತನ್ನ ಮಂಚದ ಅಂಚಿನಾಚೆ ಎಸೆದು "ಓ..." ಅನ್ನುತ್ತಿದ್ದ. ಹೋಯ್ತು ಅಂತ ಅರ್ಥ. ಆಮೇಲೆ ದಾರ ಎಳೆದು ಉರುಳೆ ಕಂಡಾಗ ಖುಷಿಯಿಂದ "ದಾ!" ಅನ್ನುತ್ತಿದ್ದ. ಬಂತು. ಇದನ್ನು ನೋಡುತ್ತಾ ಕೂತಿದ್ದವರು ಫ್ರಾಯ್ಡ್. ಹುಡುಗ ಅವರ ಮೊಮ್ಮಗ, ಮಗಳು ಸೋಫಿಯ ಮಗ. ಅಮ್ಮ ಹೋದಾಗ ಅವನದೇನೂ ನಡೆಯುತ್ತಿರಲಿಲ್ಲ, ಸುಮ್ನೆ ಅನುಭವಿಸಬೇಕಿತ್ತು. ಆಟದಲ್ಲಿ ಹೋಗು ಅನ್ನುವವನೂ ಅವನೇ, ಬಾ ಅನ್ನುವವನೂ ಅವನೇ. 1920ರ ಪುಸ್ತಕದಲ್ಲಿ ಅವರು ಇದನ್ನು ಬರೆದರು.

ಅಳಿಸುವ ಪುಸ್ತಕದ ದಾರವೂ ನಿಮ್ಮ ಕೈಯಲ್ಲಿದೆ. ಯಾವ ಪುಟದಲ್ಲಿ ಸಾವು ಅಂತ ಗೊತ್ತು. ಬೇಕೆಂದಾಗ ಮುಚ್ಚಬಹುದು, ಮೊದಲ ಪುಟಕ್ಕೆ ಹೋದರೆ ಸತ್ತವರು ಮತ್ತೆ ಬದುಕಿರುತ್ತಾರೆ.

ಹತ್ತಿರದವರು ಹೋದ ದುಃಖ ಎಷ್ಟು ದಿನ ಇರುವುದು 'ಸರಿ'?

1917ರಲ್ಲಿ ಫ್ರಾಯ್ಡ್ ದುಃಖವನ್ನೂ ವಿಷಣ್ಣತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ದುಃಖದಲ್ಲಿ ಪ್ರಪಂಚ ಬರಿದಾಗುತ್ತದೆ. ವಿಷಣ್ಣತೆಯಲ್ಲಿ 'ನಾನು' ಬರಿದಾಗುತ್ತೇನೆ, ನಾನೇ ಕೆಟ್ಟವನು, ಕೆಲಸಕ್ಕೆ ಬಾರದವನು ಅನ್ನಿಸುತ್ತದೆ. ಆ ಬೈಗುಳಗಳನ್ನು ಕಿವಿಗೊಟ್ಟು ಕೇಳಿದರೆ ಅವು ಬೈದುಕೊಳ್ಳುವವನಿಗಿಂತ ಅವನು ಕಳೆದುಕೊಂಡ ಇನ್ನೊಬ್ಬರಿಗೇ ಜಾಸ್ತಿ ಹೊಂದುತ್ತವೆ ಎಂಬುದು ಅವರ ಹೊಳಹು. ಹೋದವರ ಮೇಲಿನ ಸಿಟ್ಟು ತಿರುಗಿ ತನ್ನ ಮೇಲೆಯೇ ಬಿದ್ದಿರುತ್ತದೆ. ದುಃಖವಾದರೆ ನೆನಪುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ ಒಂದು ದಿನ ಮುಗಿಯುತ್ತದೆ ಎಂದೂ ಬರೆದರು.

ಮೂರು ವರ್ಷದಲ್ಲಿ, 1920ರ ಜನವರಿಯಲ್ಲಿ, ಆ ಉರುಳೆ ಹುಡುಗನ ತಾಯಿ ಸೋಫಿ ಫ್ಲೂ ಜ್ವರದಲ್ಲಿ ತೀರಿಕೊಂಡಳು. 1929ರಲ್ಲಿ, ಅವಳು ಬದುಕಿದ್ದರೆ ಮೂವತ್ತಾರು ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಗೆಳೆಯ ಬಿನ್ಸ್‌ವಾಂಗರ್‌ಗೆ ಫ್ರಾಯ್ಡ್ ಒಂದು ಪತ್ರ ಬರೆದರು. ತೀವ್ರವಾದ ದುಃಖ ಇಳಿಯುತ್ತದೆ, ಆದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ, ಹಾಗಿರುವುದೇ ಸರಿ ಅನ್ನುವುದು ಅದರ ಸಾರ. ಸಿದ್ಧಾಂತ ಬರೆದವರೇ ಒಂಬತ್ತು ವರ್ಷವಾದರೂ ಮುಗಿಸಿರಲಿಲ್ಲ. ನನ್ನನ್ನು ದಿನದ ಲೆಕ್ಕ ಕೇಳಿದವರಿಗೆ ನಾನು ಈ ಪತ್ರದ ವಿಷಯ ಹೇಳುತ್ತೇನೆ.

ಹರಿದು ಚಿಂದಿಯಾದ ಕಥೆಪುಸ್ತಕವನ್ನು ಮಗಳು ಬಿಸಾಡಲು ಬಿಡುವುದಿಲ್ಲ. ಹೊಸದು ಕೊಡಿಸಲೇ?

ಬೇಡ. ತೊಳೆಯಲೂ ಬಿಡದ ಕಂಬಳಿ, ಒಂದು ಕಣ್ಣಿನ ಗೊಂಬೆ, ಎಲ್ಲ ಒಂದೇ ಜಾತಿ. ಪೂರಾ ಅಮ್ಮನೂ ಅಲ್ಲ, ಪೂರಾ ಬರೀ ವಸ್ತುವೂ ಅಲ್ಲ. ವಿನಿಕಾಟ್ ಹೇಳುವ ಪ್ರಕಾರ ಇಲ್ಲಿ ಒಂದು ಒಳ ಒಪ್ಪಂದ ಇದೆ: ಇದನ್ನು ನೀನೇ ಹುಟ್ಟಿಸಿದೆಯೋ, ಹೊರಗಿನಿಂದ ಸಿಕ್ಕಿತೋ ಅಂತ ಮಗುವನ್ನು ಕೇಳಬಾರದು. ದೊಡ್ಡವರ ಕಲೆ, ಓದು, ನಂಬಿಕೆ ಎಲ್ಲ ಈ ನಡುವಿನ ಜಾಗದಲ್ಲೇ ಬೆಳೆಯುತ್ತದೆ ಅಂದರು. ಟೇಪ್ ಹಚ್ಚಿ ಕೊಡಿ, ಸಾಕು.

ಎಲ್ಲದಕ್ಕೂ ಅಪ್ಪ ಅಮ್ಮನೇ ಕಾರಣ ಅನ್ನುವುದು ಅತಿಯಾಗಲಿಲ್ಲವೇ?

ಆಯಿತು, ಅದರಿಂದ ಹಾನಿಯೂ ಆಯಿತು. ಮಕ್ಕಳ ಕಥೆಗಳ ಬಗ್ಗೆ ಸೊಗಸಾಗಿ ಬರೆದ ಬ್ರೂನೋ ಬೆಟಲ್‌ಹೈಮ್ ಅವರೇ ಆಟಿಸಂಗೆ ತಾಯಂದಿರ ತಣ್ಣನೆ ಸ್ವಭಾವ ಕಾರಣ ಎಂಬ ವಾದವನ್ನು ಹರಡಿದರು. ಅದು ಶುದ್ಧ ತಪ್ಪು. ಎಷ್ಟೋ ತಾಯಂದಿರು ಸುಮ್ಮಸುಮ್ಮನೆ ಕೊರಗಿದರು. ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಿದೆ. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ರೋಗಿಗಳು ಹೇಳಿದ್ದನ್ನು ನಂಬಿ, ಅದೇ ರೋಗದ ಮೂಲ ಎಂದು 1896ರಲ್ಲಿ ವಾದಿಸಿದ ಫ್ರಾಯ್ಡ್, ಮರುವರ್ಷವೇ ಆ ಸಿದ್ಧಾಂತದಿಂದ ಹಿಂದೆ ಸರಿದು ಕಲ್ಪನೆಯ ಕಡೆ ವಾಲಿದರು. ನಿಜವಾಗಿ ನಡೆದದ್ದನ್ನೂ 'ಕಲ್ಪನೆ' ಅಂತ ತಳ್ಳಿಹಾಕಲು ಅದು ದಾರಿ ಮಾಡಿಕೊಟ್ಟಿತು ಅನ್ನುವ ಆಕ್ಷೇಪ ಇಂದಿಗೂ ಇದೆ. 1932ರಲ್ಲಿ ಅವರ ಶಿಷ್ಯ ಫೆರೆಂಟ್ಸಿ, ಮಕ್ಕಳು ಹೇಳುವುದು ನಿಜ, ಕೇಳಿ ಎಂದಾಗ ಗುರುವಿಗೆ ಹಿಡಿಸಲಿಲ್ಲ.

ನನಗೆ ಹಿಡಿಸಿದ್ದು ಅಮೆರಿಕದ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಜೊತೆಯವರು 1975ರಲ್ಲಿ ಬರೆದದ್ದು. ಪ್ರತಿ ತೊಟ್ಟಿಲ ಕೋಣೆಯಲ್ಲೂ ಅಪ್ಪ ಅಮ್ಮನ ಹಳೆಯ ಕಾಲದ ದೆವ್ವಗಳು ಸುಳಿದಾಡುತ್ತವೆ ಅಂದರು. ತಾವು ಪಟ್ಟ ನೋವನ್ನು ಮತ್ತೆ ನೋವಾಗಿಯೇ ನೆನೆಯಬಲ್ಲ ತಾಯಿ ತಂದೆ ಅದನ್ನು ಮಗುವಿಗೆ ದಾಟಿಸದೆ ನಿಲ್ಲಿಸಬಲ್ಲರು. ಘಟನೆ ನೆನಪಿದ್ದು ನೋವು ಮಾತ್ರ ಮರೆತುಹೋಗಿರುವ ಕಡೆ ಅದು ಮರುಕಳಿಸುತ್ತದೆ. "ನಾವೂ ಹೊಡೆತ ತಿಂದೇ ಬೆಳೆದದ್ದು, ಏನಾಯ್ತು?" ಅನ್ನುವ ಮಾತನ್ನು ಈ ಬೆಳಕಲ್ಲಿ ಒಮ್ಮೆ ಕೇಳಿಸಿಕೊಳ್ಳಿ.

ಇದು ವಿಜ್ಞಾನವಾ?

ತತ್ವಜ್ಞಾನಿ ಕಾರ್ಲ್ ಪಾಪ್ಪರ್ 'ಅಲ್ಲ' ಅಂದರು. ಹೌದು ಅಂದರೂ ಸಿದ್ಧಾಂತ ಗೆಲ್ಲುತ್ತದೆ, ಇಲ್ಲ ಅಂದರೆ 'ನೀನು ಒಳಗೇ ಅದುಮಿಟ್ಟಿದ್ದೀಯ' ಅನ್ನುತ್ತದೆ, ತಪ್ಪು ಅಂತ ತೋರಿಸಲು ದಾರಿಯೇ ಇಲ್ಲವಲ್ಲ ಎಂಬುದು ಅವರ ತಕರಾರು. ಸರಿಯಾದ ತಕರಾರೇ. ಆದರೆ ಇದೇ ಮನೆಯಿಂದ ಹೊರಟ ಜಾನ್ ಬೌಲ್ಬಿ, ಮಗುವಿಗೂ ಸಾಕುವವರಿಗೂ ಇರುವ ಅಂಟಿನ ಬಗ್ಗೆ ಹೇಳಿದ್ದನ್ನು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಕಣ್ಣಿಗೆ ಕಾಣುವ ಪ್ರಯೋಗಕ್ಕೆ ಇಳಿಸಿದರು. ತಾಯಿ ಕೆಲವು ನಿಮಿಷ ಹೊರಗೆ ಹೋಗಿ ವಾಪಸು ಬಂದಾಗ ಮಗು ಏನು ಮಾಡುತ್ತದೆ ಅಂತ ನೋಡುವ ಪ್ರಯೋಗ ಅದು. ನಾನಂತೂ ಮನೋವಿಶ್ಲೇಷಣೆಯನ್ನು ಓದುವ ಒಂದು ರೀತಿಯಾಗಿ ಇಟ್ಟುಕೊಂಡಿದ್ದೇನೆ. ಔಷಧದ ಅಂಗಡಿಯಾಗಿ ಅಲ್ಲ.

ಇದನ್ನೆಲ್ಲ ಓದಿದ ಮೇಲೆ ಗಂಡನ ಸಮಸ್ಯೆ ಏನು ಅಂತ ಗೊತ್ತಾಯಿತು. ಅವರಿಗೆ ಹೇಳಲೇ?

ಅಯ್ಯೋ, ತಡೆಯಿರಿ. 1910ರಲ್ಲಿ ಫ್ರಾಯ್ಡ್ ಇದರ ಬಗ್ಗೆಯೇ ಬರೆದಿದ್ದಾರೆ. ಒಬ್ಬ ಯುವ ಡಾಕ್ಟರು ಅವರ ಸಿದ್ಧಾಂತ ಅರೆಬರೆ ಓದಿಕೊಂಡು, ಗಂಡನಿಂದ ಬೇರೆಯಾದ ಹೆಂಗಸಿಗೆ ಮೊದಲ ಭೇಟಿಯಲ್ಲೇ 'ನಿಮ್ಮ ಆತಂಕಕ್ಕೆ ಕಾರಣ ಇದು' ಅಂತ ಹೇಳಿ ಕಳಿಸಿದ್ದ. ಪಾಪ, ಆಕೆಯ ಆತಂಕ ಇನ್ನೂ ಜಾಸ್ತಿಯಾಯಿತು. ಒಳಗಿನ ವಿಷಯವನ್ನು ಬರೀ ಬಾಯಲ್ಲಿ ಹೇಳಿಬಿಟ್ಟರೆ ರೋಗ ವಾಸಿಯಾಗುತ್ತದೆ ಅಂದುಕೊಳ್ಳುವುದು, ಬರಗಾಲದಲ್ಲಿ ಹಸಿದವರಿಗೆ ಹೋಟೆಲಿನ ಮೆನು ಹಂಚಿದ ಹಾಗೆ ಎಂದರು ಫ್ರಾಯ್ಡ್.

ಗಂಡನ ಸಮಸ್ಯೆ ಗೊತ್ತಾಯಿತು ಅಂದಿರಿ. ಯಾವ ಪುಟ ಓದುವಾಗ ಗೊತ್ತಾಯಿತು? ಅಲ್ಲಿ ನಿಮಗೆ ಏನನ್ನಿಸಿತು? ಅಲ್ಲಿಂದ ಶುರು ಮಾಡಬಹುದು.

ಓದಿನಿಂದ ಮನಸ್ಸಿನ ಕಾಯಿಲೆ ವಾಸಿಯಾಗುತ್ತದಾ?

ಇಲ್ಲ. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಪುಸ್ತಕ ಮುಚ್ಚಿ ಮನೋವೈದ್ಯರನ್ನು ಕಾಣಿ. ಇವತ್ತೇ.

ಇದನ್ನು ನಮ್ಮ ಮನೆಯವರಿಗೂ ಓದಿಸಬಹುದಾ?

ಧಾರಾಳವಾಗಿ. ಆದರೆ ಕೊಡುವ ಮುಂಚೆ ಯಾವ ಉತ್ತರದ ಕೆಳಗೆ ಗೆರೆ ಎಳೆದಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.